ಒಂದೇ ಫಂಡು, ಎರಡು ರೇಟು: ಡೈರೆಕ್ಟಾ, ರೆಗ್ಯುಲರಾ? ಭಾಗಾಕಾರ ಮಾಡಿ ನೋಡಿ

ಹೋದ ದೀಪಾವಳಿಗೆ ಸಿಂಧನೂರಿಗೆ ಹೋಗಿದ್ದೆ. ಊಟ ಆದ ಮೇಲೆ ಮಾಮ ಮೊಬೈಲ್ ತಂದು ನನ್ನ ಕೈಗಿಟ್ಟರು. "ಅಳಿಯಾ, ಇದೊಂದು ನೋಡು. ಫಂಡಿನ ಹೆಸರು ಒಂದೇ ಐತಿ, ರೇಟ್ ಎರಡು ತೋರಸ್ತೈತಿ. ನಂದು 142 ರೂಪಾಯಿ, ಇನ್ನೊಂದು 158. ಅಂದ್ರ ನಂದೇ ಅಗ್ಗ ಅಲ್ಲೇನು?"

ಅಗ್ಗ ಅಲ್ಲ. ಮಾಮನ ಮ್ಯೂಚುವಲ್ ಫಂಡು (ಹಲವರ ದುಡ್ಡು ಕೂಡಿಸಿ ಷೇರು ಮುಂತಾದವುಗಳಲ್ಲಿ ಹಾಕೋದು) ಹಿಂದೆ ಬಿದ್ದಿದೆ, ಅಷ್ಟೇ.

ಇದನ್ನು ಅವರಿಗೆ ಬಿಡಿಸಿ ಹೇಳೋಕೆ ಅರ್ಧ ಮಧ್ಯಾಹ್ನ ಹಿಡಿಯಿತು. ಕೊನೆಗೆ ಉಳಿದಿದ್ದು ಒಂದೇ ಒಂದು ಭಾಗಾಕಾರ. ಆ ಭಾಗಾಕಾರ ಬಂದರೆ ಯಾವ ಪ್ಲಾನ್ ತಗೋಬೇಕು, ಹಳೆಯದರಿಂದ ಹೊಸದಕ್ಕೆ ಯಾವಾಗ ಜಿಗೀಬೇಕು ಅನ್ನೋದು ನೀವೇ ನಿರ್ಧಾರ ಮಾಡಬಹುದು. ನಾನು ಲೈಸೆನ್ಸ್ ಇರೋ ಸಲಹೆಗಾರ ಅಲ್ಲ. ಇಲ್ಲಿರೋದು ಬರೀ ಲೆಕ್ಕ.

ಮೊದಲು ಹೆಸರು ಪೂರ್ತಿ ಓದಿ

ನಮ್ಮ ದೇಶದಲ್ಲಿ ಒಂದೊಂದು ಫಂಡಿಗೂ ಸಾಮಾನ್ಯವಾಗಿ ನಾಲ್ಕು ರೂಪ ಇರುತ್ತವೆ. ರೆಗ್ಯುಲರ್ ಗ್ರೋತ್, ರೆಗ್ಯುಲರ್ ಐಡಿಸಿಡಬ್ಲ್ಯೂ, ಡೈರೆಕ್ಟ್ ಗ್ರೋತ್, ಡೈರೆಕ್ಟ್ ಐಡಿಸಿಡಬ್ಲ್ಯೂ. ನಾಲ್ಕರಲ್ಲೂ ಒಳಗಿನ ಷೇರುಗಳು ಅವೇ, ನಡೆಸೋ ಮ್ಯಾನೇಜರೂ ಅವರೇ. ಬೇರೆ ಇರೋದು ಎರಡು ವಿಷಯ. ನಡುವೆ ದಲಾಲಿ ಇದ್ದಾರಾ (ರೆಗ್ಯುಲರ್) ಇಲ್ವಾ (ಡೈರೆಕ್ಟ್) ಅನ್ನೋದು ಒಂದು, ಲಾಭ ಒಳಗೇ ಬೆಳೀತಾ ಹೋಗುತ್ತಾ (ಗ್ರೋತ್) ಅಥವಾ ಆಗಾಗ ಹೊರಗೆ ಬರುತ್ತಾ (ಐಡಿಸಿಡಬ್ಲ್ಯೂ) ಅನ್ನೋದು ಇನ್ನೊಂದು.

ದಲಾಲಿ ಅಂದರೆ ನಮ್ಮ ಕಡೆ ಯಾರಿಗೂ ವಿವರಿಸಬೇಕಿಲ್ಲ. ಭತ್ತ ಒಯ್ದು ದಲಾಲಿ ಅಂಗಡಿ ಮುಂದೆ ಇಳಿಸ್ತೀವಿ, 75 ಕೆಜಿ ಚೀಲದ ಲೆಕ್ಕದಲ್ಲಿ ರೇಟು ಆಗುತ್ತೆ, ಕೊನೆಗೆ ಕೈಗೆ ಬರೋ ಪಟ್ಟಿಯಲ್ಲಿ ಏನೇನು ಹಿಡಿದರು ಅನ್ನೋದು ಕಾಣುತ್ತೆ. ಫಂಡಿನಲ್ಲೂ ಹಿಡಿಯುತ್ತಾರೆ, ಆದರೆ ಹಿಡಿದಾಗೆಲ್ಲ ಪಟ್ಟಿ ಕೊಡೋದಿಲ್ಲ. ವರ್ಷದ ಖರ್ಚನ್ನು ದಿನ ದಿನಕ್ಕೆ ಹಂಚಿ, ಕಳೆದ ಮೇಲೇ ಎನ್‌ಎವಿ ಅಂದರೆ ಯೂನಿಟ್ಟಿನ ರೇಟು ಪ್ರಕಟ ಮಾಡುತ್ತಾರೆ. ನಿಮ್ಮ ಖಾತೆಯಿಂದ ಒಂದು ರೂಪಾಯಿ ಹೋಗಿದ್ದೂ ಕಾಣಲ್ಲ. ಅದಕ್ಕೇ ಹತ್ತು ವರ್ಷ ಆದರೂ ಮಾಮನಿಗೆ ಗೊತ್ತಾಗಿರಲಿಲ್ಲ.

ಈ ಖರ್ಚಿಗೆ ಎಕ್ಸ್‌ಪೆನ್ಸ್ ರೇಶಿಯೋ ಅಂತಾರೆ. ರೆಗ್ಯುಲರ್ ಪ್ಲಾನಿನಲ್ಲಿ ಮಾರಿದವರ ಕಮಿಷನ್ನೂ ಇದರಲ್ಲೇ ಸೇರಿರುತ್ತೆ, ಡೈರೆಕ್ಟಿನಲ್ಲಿ ಅದು ಇರಲ್ಲ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಆದೇಶದ ಪ್ರಕಾರ 2013ರ ಜನವರಿ 1ರಿಂದ ಡೈರೆಕ್ಟ್ ಪ್ಲಾನ್ ಬಂತು. ಆಗಲೇ ಇದ್ದ ಫಂಡುಗಳ ಗ್ರೋತ್ ಪ್ಲಾನುಗಳು ಹೆಚ್ಚುಕಡಿಮೆ ಒಂದೇ ಗೆರೆಯಿಂದ ಹೊರಟವು. ಇವತ್ತು 142ಕ್ಕೂ 158ಕ್ಕೂ ಇರೋ ಅಂತರ ಇದೆಯಲ್ಲ, ಅದು ಅಷ್ಟೂ ವರ್ಷ ಸೋರಿದ ಖರ್ಚಿನ ಗುರುತು. ರೇಟು ಕಡಿಮೆ ಇದ್ದರೆ ಯೂನಿಟ್ ಜಾಸ್ತಿ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ನಿರಿ. ಯೂನಿಟ್ ಎಷ್ಟಿದೆ ಅನ್ನೋದರಿಂದ ಏನೂ ಆಗಲ್ಲ, ಹಾಕಿದ ದುಡ್ಡು ಶೇಕಡಾ ಎಷ್ಟು ಬೆಳೀತು ಅನ್ನೋದೇ ಲೆಕ್ಕ.

ಐಡಿಸಿಡಬ್ಲ್ಯೂ ವಿಷಯ ಬೇಗ ಮುಗಿಸಿಬಿಡೋಣ

ಮೊದಲು ಇದನ್ನು ಡಿವಿಡೆಂಡ್ ಅಂತಿದ್ದರು. ಜನ ಅದನ್ನು ಬಡ್ಡಿ ಥರ ಮೇಲೆ ಸಿಗೋ ದುಡ್ಡು ಅಂದುಕೊಳ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. 2016ರಲ್ಲಿ ಒಂದು ಬ್ಯಾಂಕಿನ ಶಾಖೆಯಲ್ಲಿ ಕೂರಿಸಿ "ಸರ್, ಬಂಡವಾಳ ಹಾಗೇ ಇರುತ್ತೆ, ಡಿವಿಡೆಂಡ್ ಬರ್ತಾನೇ ಇರುತ್ತೆ" ಅಂದರು, ಸಹಿ ಹಾಕಿ ಬಂದೆ. ಡಿವಿಡೆಂಡ್ ಕೊಟ್ಟ ದಿನ ಎನ್‌ಎವಿ ಅಷ್ಟೇ ಇಳಿಯುತ್ತೆ ಅಂತ ಯಾರೂ ಹೇಳಲಿಲ್ಲ. ನಮ್ಮ ಕಣಜದ ಕಾಳು ತೆಗೆದು ನಮಗೇ ಉಡಿ ತುಂಬಿದ ಹಾಗೆ. 2021ರ ಏಪ್ರಿಲ್‌ನಿಂದ ಹೆಸರೇ ಬದಲಾಯಿತು. ಈಗ ಬರೋದು ಲಾಭದ ಜೊತೆ ಬಂಡವಾಳದ ಪಾಲೂ ಇರಬಹುದು ಅಂತ ಹೆಸರಿನಲ್ಲೇ ಹೇಳಬೇಕು. ಜೊತೆಗೆ ಆ ದುಡ್ಡು ನಿಮ್ಮ ವರ್ಷದ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. ಐದು ವರ್ಷಕ್ಕೂ ಮೇಲಿನ ಗುರಿ ಇದ್ದರೆ ಗ್ರೋತ್ ತಗೊಳ್ಳಿ. ತಿಂಗಳು ತಿಂಗಳು ದುಡ್ಡು ಬೇಕಾದರೆ ಗ್ರೋತಿನಿಂದಲೇ ಬೇಕಾದಷ್ಟು ತೆಗೆಯೋ ಎಸ್‌ಡಬ್ಲ್ಯೂಪಿ ಇದೆ.

ನಿಮ್ಮದು ಯಾವುದು ಅಂತ ಪತ್ತೆ ಮಾಡಿ

ಎಲ್ಲಾ ಫಂಡುಗಳೂ ಒಂದೇ ಕಡೆ ಕಾಣೋ ಸ್ಟೇಟ್‌ಮೆಂಟ್ ಇದೆ, ಸಿಎಎಸ್ ಅಂತಾರೆ. ಫಂಡುಗಳ ದಾಖಲೆ ಇಡೋ ಕ್ಯಾಮ್ಸ್, ಕೆಫಿನ್‌ಟೆಕ್ ಅಥವಾ ಎಂಎಫ್ ಸೆಂಟ್ರಲ್ ತಾಣಕ್ಕೆ ಹೋಗಿ, ಪ್ಯಾನ್ ಮತ್ತು ಫಂಡಿಗೆ ಕೊಟ್ಟಿರೋ ಇಮೇಲ್ ಹಾಕಿದರೆ ಬರುತ್ತೆ. ಮಾಮನ ವಿಷಯದಲ್ಲಿ ಇದೇ ದೊಡ್ಡ ಕೆಲಸ ಆಯಿತು. ಅವರ ಇಮೇಲ್ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ, ಮೊಬೈಲ್ ಕೊಂಡ ಅಂಗಡಿಯ ಹುಡುಗ ಮಾಡಿಕೊಟ್ಟಿದ್ದ ಇಮೇಲ್ ಅದು.

ಸ್ಟೇಟ್‌ಮೆಂಟಿನಲ್ಲಿ ಪ್ರತಿ ಫಂಡಿನ ಹತ್ತಿರ ಅಡ್ವೈಸರ್ ಅಥವಾ ಬ್ರೋಕರ್ ಅನ್ನೋ ಜಾಗ ಇರುತ್ತೆ. ಅಲ್ಲಿ ಎಆರ್‌ಎನ್ ಅಂತ ಒಂದು ನಂಬರ್ ಇದ್ದರೆ ಅದು ರೆಗ್ಯುಲರ್, ಕಮಿಷನ್ ಆ ನಂಬರಿನವರಿಗೆ ಹೋಗ್ತಿದೆ. ಡೈರೆಕ್ಟ್ ಅಂತ ಇದ್ದರೆ ನಡುವೆ ಯಾರೂ ಇಲ್ಲ. ಆ್ಯಪ್‌ನಲ್ಲಿ ನಾನೇ ಮೊಬೈಲ್ ಒತ್ತಿ ತಗೊಂಡೆ, ಹಾಗಾಗಿ ಡೈರೆಕ್ಟೇ ಇರಬೇಕು ಅಂದುಕೊಳ್ಳಬೇಡಿ. ಕೆಲವು ಆ್ಯಪ್ ರೆಗ್ಯುಲರ್ ಮಾರುತ್ತವೆ. ಬ್ಯಾಂಕಿನ ಆ್ಯಪ್ ಒಳಗಿನಿಂದ ತಗೊಂಡಿದ್ದಂತೂ ಹೆಚ್ಚಾಗಿ ರೆಗ್ಯುಲರೇ ಇರುತ್ತೆ.

ಇನ್ನೊಂದು ಕಡೆ ಕಣ್ಣು ಹಾಯಿಸಿ. ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರ್ ಮುಗಿದ ಮೇಲೆ ಬರೋ ಸಿಎಎಸ್‌ನಲ್ಲಿ ಮಾರಿದವರಿಗೆ ಎಷ್ಟು ಕಮಿಷನ್ ಹೋಯಿತು ಅನ್ನೋದನ್ನು ರೂಪಾಯಿಯಲ್ಲೇ ಹಾಕಿರುತ್ತಾರೆ. 2016ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಹುಡುಕಿದರೆ ನಿಮ್ಮ ಇಮೇಲಿನಲ್ಲೇ ಬಿದ್ದಿರುತ್ತೆ.

ಎರಡೂ ಖರ್ಚನ್ನು ಪಕ್ಕ ಪಕ್ಕ ಬರೆಯಿರಿ

ಫಂಡ್ ಕಂಪನಿಯ ತಾಣದಲ್ಲಿ ಟಿಇಆರ್ ಅಥವಾ ಟೋಟಲ್ ಎಕ್ಸ್‌ಪೆನ್ಸ್ ರೇಶಿಯೋ ಅಂತ ಒಂದು ಪುಟ ಇರುತ್ತೆ. ಅಲ್ಲಿ ಒಂದೇ ದಿನದ ರೆಗ್ಯುಲರ್, ಡೈರೆಕ್ಟ್ ಎರಡನ್ನೂ ಬರೆದುಕೊಳ್ಳಿ. ದಿನ ಬೇರೆ ಆದರೆ ಹೋಲಿಕೆ ತಪ್ಪುತ್ತೆ, ಯಾಕಂದರೆ ಇದು ಆಗಾಗ ಬದಲಾಗುತ್ತೆ. ಮಾಮನ ಫಂಡಿನಲ್ಲಿ ರೆಗ್ಯುಲರ್ ಶೇ. 1.7, ಡೈರೆಕ್ಟ್ ಶೇ. 0.8 ಇತ್ತು. ಅಂತರ ಶೇ. 0.9.

"ಒಂದು ಪರ್ಸೆಂಟೂ ಇಲ್ಲಲ್ಲೋ" ಅಂದರು ಮಾಮ. ಅವರ ದುಡ್ಡು ಆ ಫಂಡಿನಲ್ಲಿ 4 ಲಕ್ಷ. ಅದರ ಶೇ. 0.9 ಅಂದರೆ ವರ್ಷಕ್ಕೆ 3,600, ದಿನಕ್ಕೆ ಹತ್ತು ರೂಪಾಯಿ. ದಿನಾ ಒಬ್ಬರಿಗೆ ಒಂದು ಚಹಾ ಕುಡಿಸ್ತಿದ್ದೀರಿ ಅಂದೆ. "ಯಾರಿಗೆ?" ಅಂದರು. ಸ್ಟೇಟ್‌ಮೆಂಟಿನಲ್ಲಿದ್ದ ಎಆರ್‌ಎನ್ ತೋರಿಸಿದೆ.

ಈಗ ವರ್ಷಗಳನ್ನು ಹಾಕಿ

ಇಲ್ಲೇ ನಿಜವಾದ ವಿಷಯ ಇರೋದು. ಒಂದು ಲಕ್ಷ ಹಾಕಿದ್ದೀರಿ, ಡೈರೆಕ್ಟ್ ವರ್ಷಕ್ಕೆ ಶೇ. 11 ಕೊಡುತ್ತೆ, ರೆಗ್ಯುಲರ್ ಶೇ. 10 ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದು ಅಷ್ಟೇ, ಇಷ್ಟೇ ಬರುತ್ತೆ ಅಂತ ಯಾರೂ ಬರೆದುಕೊಡಲ್ಲ. ಒಂದು ವರ್ಷಕ್ಕೆ ಎರಡರ ನಡುವೆ ವ್ಯತ್ಯಾಸ 1,000 ರೂಪಾಯಿ. ಮೂರು ವರ್ಷಕ್ಕೆ 3,663. ಐದಕ್ಕೆ 7,455. ಹತ್ತು ವರ್ಷಕ್ಕೆ 24,568. ಇಪ್ಪತ್ತು ವರ್ಷಕ್ಕೆ 1,33,481. ನೀವು ಹಾಕಿದ್ದೇ ಒಂದು ಲಕ್ಷ, ಬರೀ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಆಯಿತು! ತಿಂಗಳು ತಿಂಗಳು ಕಂತು ಕಟ್ಟೋ ಸಿಪ್ ಆದರೂ ಇದೇ ಕಥೆ. ತಿಂಗಳಿಗೆ 5,000ದಂತೆ 15 ವರ್ಷ ಕಟ್ಟಿದರೆ ಒಟ್ಟು ಕಟ್ಟೋದು 9 ಲಕ್ಷ. ಒಂದರಲ್ಲಿ ಸುಮಾರು 20.9 ಲಕ್ಷ ಆಗುತ್ತೆ, ಇನ್ನೊಂದರಲ್ಲಿ 22.9 ಲಕ್ಷ.

ಹಾಗಂತ ಎಲ್ಲಾ ಕಡೆ ಇದಕ್ಕೇ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿಂಗಾರು ಭತ್ತ ಮಾರಿದ ದುಡ್ಡನ್ನು ಮುಂಗಾರಿನ ಗೊಬ್ಬರ ತರೋವರೆಗೆ ಎರಡು ಮೂರು ತಿಂಗಳು ಲಿಕ್ವಿಡ್ ಫಂಡಿನಲ್ಲಿ (ಸಣ್ಣ ಅವಧಿಯ ಸಾಲಪತ್ರಗಳಲ್ಲಿ ದುಡ್ಡು ಹಾಕೋ ಫಂಡು) ಇಡ್ತೀರಿ ಅಂದರೆ, ಅಲ್ಲಿ ಎರಡೂ ಪ್ಲಾನಿನ ಅಂತರ ತುಂಬಾ ಸಣ್ಣದು, ಅವಧಿಯೂ ಸಣ್ಣದು. ಅಲ್ಲಿ ಮೊದಲ ಏಳು ದಿನದ ಒಳಗೆ ತೆಗೆಯದಿದ್ದರೆ ಸಾಕು, ಎಕ್ಸಿಟ್ ಲೋಡ್ ಅಂದರೆ ಬೇಗ ತೆಗೆದಿದ್ದಕ್ಕೆ ಹಿಡಿಯೋ ದಂಡ ಬೀಳಲ್ಲ. ಇಂಡೆಕ್ಸ್ ಫಂಡಿನಲ್ಲಿ ಖರ್ಚು ಮೊದಲೇ ಕಡಿಮೆ, ಆದರೆ ಒಂದೇ ಸೂಚ್ಯಂಕ ಹಿಂಬಾಲಿಸೋ ಫಂಡುಗಳೆಲ್ಲ ಅದರಲ್ಲಿರೋ ಅವೇ ಷೇರುಗಳನ್ನು ನಕಲು ಮಾಡೋದರಿಂದ ಖರ್ಚು ಬಿಟ್ಟರೆ ಆರಿಸೋಕೆ ಬೇರೆ ಕಾರಣವೇ ಹೆಚ್ಚಿಲ್ಲ.

ಅವಧಿ ಅನ್ನೋದನ್ನು ಮಾತ್ರ ಪ್ರಾಮಾಣಿಕವಾಗಿ ಬರೆಯಿರಿ. "ಹತ್ತು ವರ್ಷ ಮುಟ್ಟಲ್ಲ" ಅಂತ ಎಲ್ಲರೂ ಹೇಳುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆ ವಾರ ಎಡದಂಡೆ ಕಾಲುವೆ ನಂಬಿದವರ ಮನೆಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಾಮ ಆವಾಗ ಫಂಡು ಒಡೆಯೋಕೆ ಹೊರಟಿದ್ದರಂತೆ. ಬೆಳೆ ಕೈಕೊಟ್ಟರೆ ಬೇಕಾಗೋ ದುಡ್ಡು ಬೇರೆ ಇರಲಿ, ಅದನ್ನು ಹತ್ತು ವರ್ಷದ ಲೆಕ್ಕದಲ್ಲಿ ಸೇರಿಸಬೇಡಿ.

ಅಮೆರಿಕದ ಎ, ಬಿ, ಸಿ ಮತ್ತು ನಮ್ಮ ಭಾಗಾಕಾರ

ಈ ಭಾಗಾಕಾರ ನನಗೆ ಹೊಳೆದಿದ್ದು ತಂಗಿಯ ಗಂಡನಿಂದ. ಅವರು ಇರೋದು ಅಮೆರಿಕದಲ್ಲಿ. ಅಲ್ಲಿ ಮಧ್ಯವರ್ತಿಗಳ ಮೂಲಕ ಮಾರೋ ಫಂಡುಗಳಿಗೆ ಕ್ಲಾಸ್ ಅಂತ ಇರುತ್ತವೆ. ಕ್ಲಾಸ್ ಎ ತಗೊಂಡರೆ ಕೊಳ್ಳುವಾಗಲೇ ಒಂದು ಪಾಲು ಹಿಡಿಯುತ್ತಾರೆ, ಷೇರು ಫಂಡಿನಲ್ಲಿ ಅದು ಶೇ. 5ರ ಆಸುಪಾಸು ಅಥವಾ ಮೇಲೂ ಇರಬಹುದು. ಆಮೇಲೆ ವರ್ಷದ ಖರ್ಚು ಕಡಿಮೆ. ದೊಡ್ಡ ಮೊತ್ತ ಹಾಕಿದರೆ ಆ ಮೊದಲ ಹಿಡಿತವೂ ಇಳಿಯುತ್ತೆ. ಕ್ಲಾಸ್ ಸಿಯಲ್ಲಿ ಮೊದಲು ಏನೂ ಹಿಡಿಯಲ್ಲ, ಆದರೆ ವರ್ಷದ ಖರ್ಚು ಜಾಸ್ತಿ, ಒಂದು ವರ್ಷದೊಳಗೆ ಮಾರಿದರೆ ಸಾಮಾನ್ಯವಾಗಿ ಶೇ. 1 ದಂಡ. ಕ್ಲಾಸ್ ಬಿಯಲ್ಲಿ ಬೇಗ ಮಾರಿದವರಿಗೆ ದಂಡ ಇತ್ತು, ವರ್ಷ ಕಳೆದಂತೆ ಅದು ಇಳಿಯುತ್ತಿತ್ತು. ಈಗ ಅದನ್ನು ಹೊಸದಾಗಿ ಮಾರೋದು ಹೆಚ್ಚುಕಡಿಮೆ ನಿಂತೇ ಹೋಗಿದೆ.

ಅವರ ಪ್ರಶ್ನೆ, ಎ ನೋ ಸಿ ನೋ? ಎ ನಲ್ಲಿ ಮೊದಲೇ ಶೇ. 5, ಆಮೇಲೆ ವರ್ಷಕ್ಕೆ 0.7. ಸಿ ಯಲ್ಲಿ ವರ್ಷಕ್ಕೆ 1.6. ಅಂತರ 0.9. ಐದನ್ನು 0.9ರಿಂದ ಭಾಗಿಸಿ, ಐದೂವರೆ ಬಂತು. ಚಕ್ರಬಡ್ಡಿ ಲೆಕ್ಕ ಸೇರಿಸಿದರೆ ಸುಮಾರು ಆರು ವರ್ಷ. ಆರು ವರ್ಷಕ್ಕಿಂತ ಮೊದಲು ತೆಗೆಯೋದಿದ್ದರೆ ಸಿ ಅಗ್ಗ, ಅದಕ್ಕೂ ಮೇಲೆ ಇಡೋದಿದ್ದರೆ ಎ ಅಗ್ಗ.

ನಮ್ಮಲ್ಲೂ ಮೊದಲು ಹೀಗೆ ಕೊಳ್ಳುವಾಗಲೇ ಹಿಡಿಯುತ್ತಿದ್ದರು. ಷೇರು ಫಂಡುಗಳಲ್ಲಿ ಶೇ. 2.25ರಷ್ಟು ಎಂಟ್ರಿ ಲೋಡ್ ಇತ್ತು, 2009ರ ಆಗಸ್ಟ್ 1ರಿಂದ ಸೆಬಿ ಅದನ್ನು ತೆಗೆಯಿತು. ಹಾಗಾಗಿ ಹೊಸದಾಗಿ ಕೊಳ್ಳುವವರಿಗೆ ಇಲ್ಲಿ ಈ ಭಾಗಾಕಾರ ಬೇಕಾಗಲ್ಲ, ಖರ್ಚಿನ ಲೆಕ್ಕದಲ್ಲಿ ಡೈರೆಕ್ಟೇ ಯಾವಾಗಲೂ ಅಗ್ಗ. ಬೇಕಾಗೋದು ಮಾಮನಂಥವರಿಗೆ, ಅಂದರೆ ಈಗಾಗಲೇ ರೆಗ್ಯುಲರ್‌ನಲ್ಲಿ ಕೂತಿರೋರಿಗೆ. ಯಾಕಂದರೆ ರೆಗ್ಯುಲರ್‌ನಿಂದ ಡೈರೆಕ್ಟಿಗೆ ಬದಲಾಯಿಸೋದು ಅಂದರೆ ಕಾನೂನಿನ ಕಣ್ಣಿಗೆ ಅದನ್ನು ಮಾರಿ ಇದನ್ನು ಕೊಂಡ ಹಾಗೆ. ತೆರಿಗೆ ಬರುತ್ತೆ, ಎಕ್ಸಿಟ್ ಲೋಡ್ ಬರಬಹುದು. ಒಂದೇ ಸಲ ಬೀಳುವ ಆ ಖರ್ಚನ್ನು ವರ್ಷಕ್ಕೆ ಉಳಿಯೋ ದುಡ್ಡಿನಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಜಾಸ್ತಿ ವರ್ಷ ನೀವು ಇರೋದಾದರೆ ಬದಲಾಯಿಸಿ.

ಎರಡು ಲೆಕ್ಕ ಮಾಡಿಯೇ ನೋಡೋಣ

ಮೊದಲು ನಿಯಮ ಗೊತ್ತಿರಲಿ. 2024ರ ಜುಲೈ 23ರಿಂದ ಷೇರು ಫಂಡುಗಳಲ್ಲಿ ಒಂದು ವರ್ಷಕ್ಕೂ ಹಳೆಯ ಯೂನಿಟ್ ಮಾರಿದರೆ ಲಾಭಕ್ಕೆ ಶೇ. 12.5 ತೆರಿಗೆ, ಆದರೆ ಒಂದು ಹಣಕಾಸು ವರ್ಷದಲ್ಲಿ ಮೊದಲ 1.25 ಲಕ್ಷ ಲಾಭಕ್ಕೆ ಏನೂ ಇಲ್ಲ. ಒಂದು ವರ್ಷದೊಳಗೆ ಮಾರಿದರೆ ಶೇ. 20. ಎಕ್ಸಿಟ್ ಲೋಡ್ ಅನೇಕ ಷೇರು ಫಂಡುಗಳಲ್ಲಿ ಒಂದು ವರ್ಷದೊಳಗೆ ಶೇ. 1 ಇರುತ್ತೆ, ನಿಮ್ಮ ಫಂಡಿನದು ಬೇರೆ ಇರಬಹುದು, ನೋಡಿಕೊಳ್ಳಿ.

ಮಾಮನ 4 ಲಕ್ಷದಲ್ಲಿ ಲಾಭ 1.5 ಲಕ್ಷ, ಎಲ್ಲವೂ ಹಳೆಯ ಯೂನಿಟ್. ಒಂದೇ ಸಲ ಬದಲಾಯಿಸಿದರೆ 25,000ಕ್ಕೆ ತೆರಿಗೆ, ಅಂದರೆ 3,125, ಸೆಸ್ ಸೇರಿ 3,250. ವರ್ಷಕ್ಕೆ ಉಳಿಯೋದು 3,600. ಭಾಗಿಸಿದರೆ ಒಂದು ವರ್ಷಕ್ಕಿಂತ ಕಡಿಮೆ. ಇನ್ನೂ ಜಾಣತನ ಮಾಡಬೇಕು ಅಂದರೆ ಅರ್ಧ ಮಾರ್ಚ್ ಮಧ್ಯದಲ್ಲಿ, ಉಳಿದರ್ಧ ಏಪ್ರಿಲ್‌ನಲ್ಲಿ. ಎರಡು ಹಣಕಾಸು ವರ್ಷ ಆಗುತ್ತೆ, ಬೇರೆ ಷೇರು ಅಥವಾ ಷೇರು ಫಂಡು ಮಾರಿದ ಲಾಭ ಇಲ್ಲದಿದ್ದರೆ ತೆರಿಗೆಯೇ ಇಲ್ಲ.

ಪಕ್ಕದ ಮನೆ ಮೇಷ್ಟ್ರದು ಬೇರೆ ಥರ. 2 ಲಕ್ಷ ಮೌಲ್ಯ, ಅದರಲ್ಲಿ 30,000 ಲಾಭ, ಹಾಕಿ ಎಂಟೇ ತಿಂಗಳು. ಮಾಮನ ಮಾತು ಕೇಳಿ ಅವರಿಗೂ ಆವೇಶ ಬಂತು, ಇವತ್ತೇ ಬದಲಾಯಿಸಿಬಿಡೋಣ ಅಂದರು. ಎಕ್ಸಿಟ್ ಲೋಡ್ 2,000, ತೆರಿಗೆ 6,000ದ ಹತ್ತಿರ. ಒಟ್ಟು 8,000. ಅವರಿಗೆ ವರ್ಷಕ್ಕೆ ಉಳಿಯೋದು 1,800. ಭಾಗಿಸಿ ನೋಡಿ, ನಾಲ್ಕೂವರೆ ವರ್ಷದ ಹತ್ತಿರ. ಇನ್ನು ನಾಲ್ಕು ತಿಂಗಳು ಸುಮ್ನೆ ಕೂತರೆ ಎರಡೂ ಸೊನ್ನೆ. ಆ ನಾಲ್ಕು ತಿಂಗಳಿಗೆ ಹೋಗೋ ಕಮಿಷನ್ 600 ರೂಪಾಯಿ. ಕಾಯಿರಿ ಸರ್ ಅಂದೆ. ಹಾಂ, ಅವರು ಒಂದೇ ಸಲ ಹಾಕಿದ್ದರು. ಸಿಪ್ ಆದರೆ ಪ್ರತಿ ಕಂತಿಗೂ ಒಂದು ವರ್ಷ ಬೇರೆ ಬೇರೆ ಎಣಿಸಬೇಕು. ತೆರಿಗೆ ಉಳಿಸೋ ಇಎಲ್‌ಎಸ್‌ಎಸ್‌ನಲ್ಲಿ ಪ್ರತಿ ಕಂತಿಗೆ ಮೂರು ವರ್ಷ ಬೀಗ, ಅದು ತೆರೆಯೋವರೆಗೆ ಏನೂ ಮಾಡೋಕಾಗಲ್ಲ.

ದಲಾಲಿ ಯಾವಾಗ ಬೇಕು

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನು 2018ರಲ್ಲಿ ಡೈರೆಕ್ಟಿಗೆ ಹೋದೆ, ಭಾರಿ ಜಾಣ ಅಂದುಕೊಂಡೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಮಾರುಕಟ್ಟೆ ಬಿದ್ದಾಗ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಅರ್ಧ ಮಾರಿಬಿಟ್ಟೆ. ತಡೆಯೋಕೆ ಯಾರೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಮಾರುಕಟ್ಟೆ ಎದ್ದು ನಿಂತಿತು. ಹತ್ತು ವರ್ಷ ಶೇ. 0.9 ಉಳಿಸಿದರೂ ಆ ಒಂದು ರಾತ್ರಿಯ ನಷ್ಟ ತುಂಬಲ್ಲ. ಅದೇ ತಿಂಗಳು ಮಾಮನ ಏಜೆಂಟ್ ಮನೆಗೇ ಫೋನ್ ಮಾಡಿ "ಏನೂ ಮಾಡಬ್ಯಾಡ್ರಿ, ಸುಮ್ಕ ಕುಂದರ್ರಿ" ಅಂದಿದ್ದರಂತೆ.

ಹಾಗಾಗಿ ಕಮಿಷನ್ ತಗೊಳ್ಳೋರೆಲ್ಲ ಕಳ್ಳರು ಅಂತ ನಾನು ಹೇಳಲ್ಲ. ನಾಮಿನಿ ಹಾಕಿಸೋದು, ಬ್ಯಾಂಕ್ ಖಾತೆ ಬದಲಾದಾಗ ಓಡಾಡೋದು, ಮನೆಯವರು ತೀರಿಕೊಂಡಾಗ ಕಾಗದ ಪತ್ರ ಮಾಡಿಸೋದು, ಇದೆಲ್ಲ ಕೆಲಸವೇ. ಕೇಳಬೇಕಾದ ಪ್ರಶ್ನೆ ಇಷ್ಟೇ: ವರ್ಷಕ್ಕೆ 3,600ಕ್ಕೆ ಅಷ್ಟು ಕೆಲಸ ಆಗ್ತಿದೆಯಾ? ಮಾರಿ ಹೋದ ಮೇಲೆ ಮುಖವೇ ತೋರಿಸದವರಿಗೆ ಯಾಕೆ ಕೊಡಬೇಕು? ಮೊತ್ತ ದೊಡ್ಡದಾದಾಗ ಇನ್ನೊಂದು ದಾರಿ ಇದೆ. ಸೆಬಿಯಲ್ಲಿ ನೋಂದಣಿ ಆದ ಸಲಹೆಗಾರರಿಗೆ ನೇರವಾಗಿ ಫೀಸ್ ಕೊಟ್ಟು ಡೈರೆಕ್ಟಿನಲ್ಲಿ ಹಾಕೋದು. ಫೀಸ್ ವರ್ಷಕ್ಕೆ 10,000, ಅಂತರ ಶೇ. 1 ಅಂದರೆ 10 ಲಕ್ಷಕ್ಕೆ ಸರಿ ಹೋಗುತ್ತೆ. ಅದಕ್ಕಿಂತ ಕಡಿಮೆ ದುಡ್ಡಿದ್ದರೆ ಕಮಿಷನ್ನೇ ಅಗ್ಗ. ನೋಡಿ, ಇಲ್ಲೂ ಅದೇ ಭಾಗಾಕಾರ.

ಬದಲಾಯಿಸೋದು

ಫಂಡ್ ಕಂಪನಿಯ ತಾಣದಲ್ಲೋ ಎಂಎಫ್ ಸೆಂಟ್ರಲ್‌ನಲ್ಲೋ ಸ್ವಿಚ್ ಅಂತ ಇರುತ್ತೆ. ಅದೇ ಫಂಡಿನ ಡೈರೆಕ್ಟ್ ಗ್ರೋತ್ ಆರಿಸಿ, ಹೆಸರಿನಲ್ಲಿ ಡೈರೆಕ್ಟ್ ಅನ್ನೋ ಪದ ಇದೆಯಾ ಅಂತ ಎರಡು ಸಲ ಓದಿ. ಕಾಗದದಲ್ಲಿ ಕೊಡೋರು ಎಆರ್‌ಎನ್ ಜಾಗದಲ್ಲಿ ಡೈರೆಕ್ಟ್ ಅಂತ ಬರೆಯಿರಿ, ಖಾಲಿ ಬಿಡಬೇಡಿ. ಕೊಳ್ಳುವಾಗ ಶೇ. 0.005 ಸ್ಟ್ಯಾಂಪ್ ಡ್ಯೂಟಿ ಹೋಗುತ್ತೆ, 4 ಲಕ್ಷಕ್ಕೆ 20 ರೂಪಾಯಿ, ಅದಕ್ಕೆ ಚಿಂತೆ ಬೇಡ.

ಎಲ್ಲರೂ ಎಡವೋದು ಸಿಪ್ ವಿಷಯದಲ್ಲಿ. ಇರೋ ಯೂನಿಟ್ ಬದಲಾಯಿಸಿದರೆ ಸಿಪ್ ತಾನಾಗಿ ಬದಲಾಗಲ್ಲ. ಹಳೆಯ ಸಿಪ್ ರೆಗ್ಯುಲರಿಗೇ ಹೋಗ್ತಾ ಇರುತ್ತೆ. ಅದನ್ನು ಬೇರೆಯಾಗಿ ನಿಲ್ಲಿಸಿ, ಡೈರೆಕ್ಟಿನಲ್ಲಿ ಹೊಸದಾಗಿ ಶುರು ಮಾಡಿ.

ಮಾಮ ಮೂರು ಫಂಡಿನಲ್ಲಿ ಎರಡನ್ನು ಬದಲಾಯಿಸಿದರು. ಎರಡೂ ಬ್ಯಾಂಕಿನಿಂದ ಬಂದಿದ್ದವು. ಮೂರನೆಯದು ಆ ಫೋನ್ ಮಾಡಿದ ಏಜೆಂಟರದು, ಅದನ್ನು ಹಾಗೇ ಬಿಟ್ಟರು. "ಅವಂಗ ಚಹಾ ಕುಡಸ್ತೀನಿ ಬಿಡು" ಅಂದರು. ಅದಾಗಿ ಮುಂದಿನ ತಿಂಗಳು 7ನೇ ತಾರೀಖು ಬೆಳಿಗ್ಗೆ ಫೋನ್ ಬಂತು: "ಅಳಿಯಾ, ಎರಡು ಸಲ ರೊಕ್ಕ ಹೋಗ್ಯಾದಲ್ಲೋ!" ಹೊಸ ಸಿಪ್ ಶುರು ಮಾಡಿದ್ದೆವು, ಹಳೆಯದನ್ನು ನಿಲ್ಲಿಸೋದು ಇಬ್ಬರಿಗೂ ಮರೆತಿತ್ತು.